ಬಣ್ಣದ ಡಬ್ಬಿಗೆ ಮೂರು ಸ್ಟಾರ್, ಗ್ಲಿಸರಾಲ್ ಡಬ್ಬಿಗೆ ನಾಲ್ಕೂವರೆ

ಜೀವಕೋಶದೊಳಗಿನ ಕೊಬ್ಬನ್ನು ನೋಡಲು ಒಂದು ಡಬ್ಬಿ, ಆ ಕೊಬ್ಬು ಒಡೆಯುವುದನ್ನು ಅಳೆಯಲು ಇನ್ನೊಂದು ಡಬ್ಬಿ. ಎರಡನ್ನೂ ಒಂದೇ ಕಂಪನಿ ಜೋಡಿಯಾಗಿ ಮಾರುತ್ತದೆ. ಬೇಕಾದರೆ ಬಿಡಿಯಾಗಿಯೂ ಸಿಗುತ್ತವೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಕಿಟ್‌ಗಳನ್ನು ಮಾರುವವರು ಬೇಕಾದಷ್ಟು ಜನ ಇದ್ದಾರೆ, ಒಳಗಿನ ರಸಾಯನವೂ ಹೆಚ್ಚುಕಮ್ಮಿ ಒಂದೇ. ನೀವು ಯಾರ ಹತ್ತಿರ ಕೊಂಡರೂ ಇಲ್ಲಿ ಹೇಳುವುದು ಬಹುಪಾಲು ಉಪಯೋಗಕ್ಕೆ ಬರುತ್ತದೆ.

ನಾನು ಲ್ಯಾಬಿನಲ್ಲಿ ಕೋಶ ಬೆಳೆಸುವವಳು. ಪೇಪರ್ ಬರೆಯುವವರು ಬೇರೆ, ಪ್ಲೇಟ್ ತೊಳೆಯುವವಳು ನಾನು. ಹಾಗಾಗಿ ಇದು ಪೈಪೆಟ್ ಹಿಡಿದವರ ಕಡೆಯ ಮಾತು ಅಂತ ಓದಿಕೊಳ್ಳಿ.

ಬಣ್ಣದ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಕೊಬ್ಬಿನ ಮೆಟಬಾಲಿಸಂ ಪೂರ್ತಿ ನೋಡಿ" ಅಂತ ಇದೆ. ಮೆಟಬಾಲಿಸಂ ಅಂದರೆ ಕೋಶ ಕೊಬ್ಬನ್ನು ತಯಾರಿಸುವುದು, ಕೂಡಿಡುವುದು, ಒಡೆಯುವುದು, ಸುಡುವುದು ಎಲ್ಲ. ನನ್ನ ತಕರಾರು ಇರುವುದು ಆ "ಪೂರ್ತಿ" ಮೇಲೆಯೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಡಬ್ಬಿಯಲ್ಲಿ ಹಸಿರಾಗಿ ಹೊಳೆಯುವ ಬೋಡಿಪಿ 493/503 ಬಣ್ಣ, ನ್ಯೂಕ್ಲಿಯಸ್‌ಗೆ ಒಂದು ನೀಲಿ ಬಣ್ಣ, ಕೋಶವನ್ನು ಇದ್ದ ಹಾಗೇ ಹಿಡಿದಿಡಲು, ಅಂದರೆ ಫಿಕ್ಸ್ ಮಾಡಲು, ಒಂದು ದ್ರಾವಣ, ತೊಳೆಯುವ ಬಫರ್, ಕೋಶಗಳಿಗೆ ಕೊಬ್ಬು ತಿನ್ನಿಸಲು ಓಲಿಯಿಕ್ ಆಸಿಡ್‌ನ ಒಂದು ಬಾಟಲಿ ಇವೆ. ಹಳೆಯ ಆಯಿಲ್ ರೆಡ್ ಓ ಬಣ್ಣದ ಜೊತೆ ಗುದ್ದಾಡಿದವರಿಗೆ ಇದರ ಸುಖ ಗೊತ್ತಾಗುತ್ತದೆ. ಅದನ್ನು ಐಸೊಪ್ರೊಪನಾಲ್‌ನಲ್ಲಿ ಕರಗಿಸಬೇಕು, ನೀರು ಬೆರೆಸಬೇಕು, ಸೋಸಬೇಕು, ಸೋಸಿದ್ದನ್ನು ಬೇಗ ಮುಗಿಸಬೇಕು. ಸ್ವಲ್ಪ ತಡವಾದರೂ ಪ್ಲೇಟ್ ತುಂಬಾ ಕೆಂಪು ಮರಳು. ಬೋಡಿಪಿಯಲ್ಲಿ ಆ ಗೋಳಿಲ್ಲ. ಬಫರ್‌ಗೆ ಹಾಕಿ, ಕೋಶದ ಮೇಲೆ ಬಿಟ್ಟು, ಕತ್ತಲಲ್ಲಿ ಇಟ್ಟು ತೊಳೆದರೆ ಮುಗಿಯಿತು. ಜೀವಂತ ಕೋಶಕ್ಕೂ ಹಾಕಬಹುದು.

ನಾನು ಹಾಕಿದ್ದು 3ಟಿ3-ಎಲ್1 ಕೋಶಗಳಿಗೆ. 1970ರ ದಶಕದಲ್ಲಿ ಹೋವರ್ಡ್ ಗ್ರೀನ್ ತಂಡ ಇಲಿಯ ಕೋಶಗಳಿಂದ ಆರಿಸಿ ತೆಗೆದ ಕೋಶಗಳ ತಳಿ (ಸೆಲ್ ಲೈನ್) ಇದು. ಸಾಮಾನ್ಯವಾಗಿ ಉದ್ದುದ್ದ ಮಲಗಿರುವ ಸಪ್ಪೆ ಕೋಶಗಳು. ಐಬಿಎಂಎಕ್ಸ್, ಡೆಕ್ಸಾಮೆಥಸೋನ್, ಇನ್ಸುಲಿನ್ ಎಂಬ ಮೂರು ಮದ್ದುಗಳನ್ನೂ ಸೇರಿಸಿ ಕೊಟ್ಟರೆ ದುಂಡಗಾಗಿ ಕೊಬ್ಬು ಕೂಡಿಡಲು ಶುರು ಮಾಡುತ್ತವೆ. ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಮೊದಲು ಕಣ್ಣಿಗೆ ಬೀಳುವುದು ನೀಲಿ ನ್ಯೂಕ್ಲಿಯಸ್. ಅದನ್ನು ಒಂದು ಪಕ್ಕಕ್ಕೆ ಒತ್ತರಿಸಿ ಹಸಿರು ಹನಿಗಳು ಕೂತಿರುತ್ತವೆ. ಕೆಲವು ಚುಕ್ಕಿಯಷ್ಟೇ, ಕೆಲವು ನ್ಯೂಕ್ಲಿಯಸ್‌ನ ಅರ್ಧದಷ್ಟು. ಫೋಕಸ್ ಸ್ವಲ್ಪ ತಿರುಗಿಸಿದರೆ ಒಂದು ಪದರ ಮಾಯವಾಗಿ ಕೆಳಗಿನ ಪದರದ ಹನಿಗಳು ಮೂಡುತ್ತವೆ. ಅಂಚುಗಳು ಚೂಪಾಗಿವೆ, ಹಿಂದೆ ಮಂಜು ಕವಿದಂತೆ ಇರುವುದಿಲ್ಲ. ಒಂದು ಮಾತು: ನಮ್ಮ ದೇಹದ ಬಿಳಿ ಕೊಬ್ಬಿನ ಕೋಶದಲ್ಲಿ ಇಡೀ ಕೋಶ ತುಂಬುವ ಒಂದೇ ದೊಡ್ಡ ಹನಿ ಇರುತ್ತದೆ, ಅದು 100 ಮೈಕ್ರೊಮೀಟರ್‌ವರೆಗೂ ಬೆಳೆಯುತ್ತದೆ. ಪ್ಲೇಟಿನಲ್ಲಿ ಬೆಳೆದವು ಹಾಗೆ ಆಗುವುದಿಲ್ಲ, ಹಲವು ಹನಿಗಳಾಗಿಯೇ ಉಳಿಯುತ್ತವೆ. ಬ್ರೋಷರಿನ ಚಿತ್ರ ನೋಡಿ "ನಮ್ಮದು ಯಾಕೆ ಹೀಗಿದೆ" ಅಂತ ಗಾಬರಿಯಾಗಬೇಡಿ.

ಈ ಹನಿ ಅಂದರೆ ಏನು ಅಂತ ಗೊತ್ತಿದ್ದರೆ ಬಣ್ಣದ ಗುಣದೋಷ ಎರಡೂ ತಾನಾಗಿ ಅರ್ಥವಾಗುತ್ತವೆ. ಹನಿಯ ಒಳಗೆ ಟ್ರೈಗ್ಲಿಸರೈಡ್ (ನಾವು ಸಾಮಾನ್ಯವಾಗಿ ಕೊಬ್ಬು ಅನ್ನುವುದು ಇದನ್ನೇ), ಅದರ ಜೊತೆ ಕೊಲೆಸ್ಟರಾಲ್ ಎಸ್ಟರ್ (ಕೊಬ್ಬಿನ ಆಮ್ಲ ಅಂಟಿದ ಕೊಲೆಸ್ಟರಾಲ್). ಸುತ್ತ ಪೊರೆ ಕಟ್ಟುವ ಕೊಬ್ಬಾದ ಫಾಸ್ಫೊಲಿಪಿಡ್‌ನ ಒಂದೇ ಪದರ. ಕೋಶದ ಉಳಿದ ಪೊರೆಗಳೆಲ್ಲ ಎರಡು ಪದರದವು, ಇದೊಂದೇ ಬೇರೆ. ಆ ಪದರದ ಮೇಲೆ ಪೆರಿಲಿಪಿನ್ ಎಂಬ ಪ್ರೋಟೀನ್ ಕಾವಲಿಗೆ ಕೂತಿರುತ್ತದೆ. ಹನಿ ಹುಟ್ಟುವುದು ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ. ಅಲ್ಲಿ ಗ್ಲಿಸರಾಲ್ ಬೆನ್ನಿಗೆ ಒಂದೊಂದಾಗಿ ಮೂರು ಕೊಬ್ಬಿನ ಆಮ್ಲ ಜೋಡಣೆಯಾಗುತ್ತವೆ. ಮೂರನೆಯದನ್ನು ಜೋಡಿಸುವುದು ಡಿಜಿಎಟಿ ಎಂಬ ಎಂಜೈಮ್. ಹಾಗೆ ತಯಾರಾದ ಎಣ್ಣೆ ಪೊರೆಯ ಎರಡು ಪದರಗಳ ನಡುವೆ ಸೇರಿ, ಉಬ್ಬಿ, ಹನಿಯಾಗಿ ಹೊರಗೆ ಬರುತ್ತದೆ. ಬೋಡಿಪಿ ಹೋಗಿ ಕೂರುವುದು ಈ ಎಣ್ಣೆಯಲ್ಲಿ. ಅದಕ್ಕೇ ಅಷ್ಟು ಸ್ವಚ್ಛವಾದ ಚಿತ್ರ.

ದೋಷವೂ ಅಲ್ಲೇ ಇದೆ. ಟ್ರೈಗ್ಲಿಸರೈಡ್ ಯಾವುದು, ಕೊಲೆಸ್ಟರಾಲ್ ಎಸ್ಟರ್ ಯಾವುದು ಅಂತ ಬಣ್ಣಕ್ಕೆ ಗೊತ್ತಾಗುವುದಿಲ್ಲ. ಕೊಬ್ಬಿನ ಕೋಶಕ್ಕಾದರೆ ಚಿಂತೆಯಿಲ್ಲ, ಬಹುಪಾಲು ಟ್ರೈಗ್ಲಿಸರೈಡೇ ಇರುತ್ತದೆ. ಕೊಲೆಸ್ಟರಾಲ್ ತುಂಬಿಕೊಂಡ ಮ್ಯಾಕ್ರೊಫೇಜ್ (ಕಸ ನುಂಗುವ ರೋಗನಿರೋಧಕ ಕೋಶ) ಮೇಲೆ ಕೆಲಸ ಮಾಡುವವರು "ಟ್ರೈಗ್ಲಿಸರೈಡ್ ಜಾಸ್ತಿಯಾಯಿತು" ಅಂತ ಈ ಚಿತ್ರ ತೋರಿಸಿ ಹೇಳುವ ಹಾಗಿಲ್ಲ.

ಇನ್ನೊಂದು ಕಿರಿಕಿರಿ. ಜಾಸ್ತಿ ಬೆಳಕು ಬಿಟ್ಟರೆ ಬೋಡಿಪಿ ಕೆಂಪು ಕಡೆಗೂ ಹೊಳೆಯಲು ಶುರುವಾಗುತ್ತದೆ. ನೀವು ಕೆಂಪು ಬಣ್ಣದಲ್ಲಿ ಬೇರೊಂದು ಪ್ರೋಟೀನ್ ಗುರುತಿಸಿದ್ದರೆ, ಅದು ಹನಿಯ ಮೇಲೆಯೇ ಕೂತಿದೆ ಎಂಬ ಸುಳ್ಳು ಚಿತ್ರ ಸಿಗುತ್ತದೆ. ಕೆಂಪನ್ನು ಮೊದಲು ತೆಗೆದು, ಹಸಿರನ್ನು ಆಮೇಲೆ ತೆಗೆದರೆ ಈ ತೊಂದರೆ ಬಹಳ ಕಡಿಮೆ. ಕಿಟ್ ಜೊತೆ ಬರುವ ಹಾಳೆಯಲ್ಲಿ ಇದರ ಸುದ್ದಿಯೇ ಇಲ್ಲ.

ಹಾಳೆಯ ವಿಷಯ ಬಂತಲ್ಲ, ಅದರ ಬಗ್ಗೆ ನಾನು ಸ್ವಲ್ಪ ಸಿಟ್ಟಾಗಿಯೇ ಬರೆಯುತ್ತೇನೆ. "ಫಿಕ್ಸ್ ಮಾಡಲು ಮೆಥನಾಲ್ ಕೂಡ ಬಳಸಬಹುದು" ಅಂತ ಬರೆದಿದ್ದಾರೆ. ಕೊಬ್ಬು ನೋಡುವ ಕಿಟ್‌ನಲ್ಲಿ! ಮೆಥನಾಲ್ ಕೊಬ್ಬನ್ನು ಕದಡಿ ತೊಳೆದುಕೊಂಡು ಹೋಗುತ್ತದೆ. ಡಬ್ಬಿಯೊಳಗೆ ಅವರೇ ಕೊಟ್ಟಿರುವುದು ಪ್ಯಾರಾಫಾರ್ಮಾಲ್ಡಿಹೈಡ್, ಅದನ್ನೇ ಬಳಸಿ. ಪ್ರೋಟೀನ್ ಗುರುತಿಸಲು ಆಂಟಿಬಾಡಿ ಹಾಕುವವರಿಗೆ, ಪೊರೆಯಲ್ಲಿ ತೂತು ಮಾಡಲು ಟ್ರೈಟಾನ್ ಎಂಬ ಸೋಪು ಹಾಕಿ ಅಂತ ಇನ್ನೊಂದು ಸಲಹೆ. ಟ್ರೈಟಾನ್ ಕೂಡ ಹನಿಗಳನ್ನು ಹಾಳು ಮಾಡುತ್ತದೆ. ಸ್ಯಾಪೊನಿನ್ ಅಥವಾ ಡಿಜಿಟೋನಿನ್ ಬಳಸಿದರೆ ಹನಿ ಉಳಿಯುತ್ತದೆ. ಹೊಸದಾಗಿ ಕೆಲಸ ಕಲಿಯುವವರು ಹಾಳೆಯನ್ನೇ ನಂಬುತ್ತಾರೆ, ಅಲ್ವಾ? ಬೇರೆ ಯಾವುದೋ ಕಿಟ್‌ನ ಹಾಳೆಯನ್ನು ನಕಲು ಮಾಡಿ ಅಂಟಿಸಿದ ಹಾಗಿದೆ.

ಓಲಿಯಿಕ್ ಆಸಿಡ್ ಬಾಟಲಿಗೆ ಬರೋಣ. ಆಯ್ಕೆ ಸರಿಯಾಗಿದೆ. 18 ಕಾರ್ಬನ್, ನಡುವೆ ಒಂದು ಡಬಲ್ ಬಾಂಡ್. ಕೋಶ ಇದನ್ನು ಖುಷಿಯಾಗಿ ಟ್ರೈಗ್ಲಿಸರೈಡ್ ಮಾಡಿ ಹನಿಗೆ ತುಂಬುತ್ತದೆ. ಇದರ ಬದಲು ಡಬಲ್ ಬಾಂಡ್ ಇಲ್ಲದ ಪಾಮಿಟಿಕ್ ಆಸಿಡ್ ಒಂದನ್ನೇ ಕೊಟ್ಟಿದ್ದರೆ ಎಷ್ಟೋ ಬಗೆಯ ಕೋಶಗಳು ಅದನ್ನು ಹನಿಗೆ ಸರಿಯಾಗಿ ಸೇರಿಸಲಾಗದೆ ಸಾಯುತ್ತವೆ. ಓಲಿಯಿಕ್ ಜೊತೆಗೆ ಕೊಟ್ಟರೆ ಅದೇ ಪಾಮಿಟಿಕ್ ಕೂಡ ಹನಿ ಸೇರಿ, ಕೋಶ ಬದುಕುತ್ತದೆ. ಹನಿ ಅಂದರೆ ಬರೀ ಕೂಡಿಟ್ಟ ಗಂಟಲ್ಲ, ಕೋಶದ ರಕ್ಷಣೆಯೂ ಹೌದು ಅನ್ನುವುದಕ್ಕೆ ಇದು ನನಗೆ ಇಷ್ಟವಾದ ಉದಾಹರಣೆ.

ಬಾಟಲಿಯಲ್ಲಿ ಓಲಿಯಿಕ್ ಆಸಿಡ್ ರಕ್ತದ ಪ್ರೋಟೀನಾದ ಅಲ್ಬುಮಿನ್‌ಗೆ ಅಂಟಿಕೊಂಡು ಬರುತ್ತದೆ. ಬಿಡಿಯಾಗಿ ಹಾಕಿದರೆ ಅದು ಸೋಪಿನ ಗುಣ ತೋರಿಸಿ ಪೊರೆಯನ್ನೇ ಕೆಡಿಸುತ್ತದೆ. ಆದರೆ ಒಂದು ಅಲ್ಬುಮಿನ್‌ಗೆ ಎಷ್ಟು ಓಲಿಯಿಕ್ ಅಂಟಿಸಿದ್ದಾರೆ ಅಂತ ಎಲ್ಲೂ ಬರೆದಿಲ್ಲ. ಕೋಶದ ಒಳಗೆ ಎಷ್ಟು ಕೊಬ್ಬು ಹೋಗುತ್ತದೆ ಎನ್ನುವುದು ಆ ಅನುಪಾತದ ಮೇಲೆಯೇ ನಿಂತಿದೆ. ಹೋಲಿಸಿ ನೋಡಲು ಬರೀ ಅಲ್ಬುಮಿನ್ ಇರುವ ಬಾಟಲಿಯನ್ನೂ ಕೊಟ್ಟಿಲ್ಲ. ಕಂಪನಿಗೆ ಮೇಲ್ ಹಾಕಿದೆ. ಮೊದಲು ಬಂದ ಉತ್ತರ ಅದೇ ಬ್ರೋಷರ್. ಮತ್ತೆ ಕೇಳಿದಾಗ ಯಾರೋ ವಿಷಯ ತಿಳಿದವರು ಅನುಪಾತ ಕಳಿಸಿದರು, ಅಲ್ಬುಮಿನ್ ಕೊಬ್ಬುರಹಿತವೇ ಎಂಬುದನ್ನೂ ಹೇಳಿದರು. ಅಷ್ಟನ್ನು ಬಾಟಲಿಯ ಲೇಬಲ್ ಮೇಲೆ ಅಚ್ಚು ಹಾಕಲು ಏನು ಕಷ್ಟ?

ಈಗ ಆ "ಪೂರ್ತಿ" ವಿಷಯ. ಬಣ್ಣ ತೋರಿಸುವುದು ಈ ಗಳಿಗೆಯಲ್ಲಿ ಹನಿಯಲ್ಲಿ ಎಷ್ಟು ಕೊಬ್ಬಿದೆ ಅನ್ನುವುದನ್ನು ಮಾತ್ರ. ಗೋಡೌನ್ ಕಿಟಕಿಯಲ್ಲಿ ಇಣುಕಿದರೆ ಮೂಟೆ ಎಷ್ಟಿವೆ ಅಂತ ಕಾಣುತ್ತದೆ, ಬೆಳಗ್ಗೆಯಿಂದ ಎಷ್ಟು ಲಾರಿ ಬಂದವು, ಎಷ್ಟು ಹೋದವು ಅಂತ ಕಾಣುತ್ತದೆಯೇ? ಹನಿ ದೊಡ್ಡದಾಗಿದೆ ಅಂದರೆ ಕೋಶ ಹೊಸದಾಗಿ ಕೊಬ್ಬು ತಯಾರಿಸಿರಬಹುದು, ಹೊರಗಿನಿಂದ ಜಾಸ್ತಿ ಎಳೆದುಕೊಂಡಿರಬಹುದು, ಸುಡುವುದನ್ನು ನಿಲ್ಲಿಸಿರಬಹುದು, ಒಡೆಯುವ ಎಂಜೈಮ್ ಕೆಲಸ ಬಿಟ್ಟಿರಬಹುದು. ನಾಲ್ಕಕ್ಕೂ ಚಿತ್ರ ಒಂದೇ.

ಇದು ಇವತ್ತಿನ ಜ್ಞಾನವೂ ಅಲ್ಲ. ಒಂದು ಕಾಲದಲ್ಲಿ ದೇಹದ ಕೊಬ್ಬು ಸುಮ್ನೆ ಬಿದ್ದಿರುವ ದಾಸ್ತಾನು, ಹಸಿವಾದಾಗ ಮಾತ್ರ ಅದಕ್ಕೆ ಕೈ ಹಾಕುತ್ತೇವೆ ಅಂತ ನಂಬಿದ್ದರು. 1935ರಲ್ಲಿ ರುಡಾಲ್ಫ್ ಶೋನ್‌ಹೈಮರ್ ಮತ್ತು ಡೇವಿಡ್ ರಿಟೆನ್‌ಬರ್ಗ್ ಭಾರದ ಹೈಡ್ರೋಜನ್, ಅಂದರೆ ಡ್ಯುಟೀರಿಯಂ, ಸೇರಿಸಿ ಗುರುತು ಮಾಡಿದ ಕೊಬ್ಬನ್ನು ಇಲಿಗಳಿಗೆ ತಿನ್ನಿಸಿದರು. ತಿಂದ ಕೊಬ್ಬು ನೇರವಾಗಿ ಉರಿದುಹೋಗಿರಲಿಲ್ಲ. ಅದರ ಬಹುಪಾಲು ಮೊದಲು ದಾಸ್ತಾನಿಗೇ ಸೇರಿತ್ತು. ಇಲಿಗಳ ಒಟ್ಟು ಕೊಬ್ಬು ಹೆಚ್ಚದಿದ್ದರೂ ಒಳಗೆ ಹೊಸದು ಬರುತ್ತಿತ್ತು, ಹಳೆಯದು ಹೋಗುತ್ತಿತ್ತು. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಅಷ್ಟು ಹಿಂದೆಯೇ ಗೊತ್ತಾದ ಮಾತನ್ನು ಮರೆತು ಬರೀ ಚಿತ್ರ ತೋರಿಸಿ "ಮೆಟಬಾಲಿಸಂ ನೋಡಿ" ಅಂದರೆ ಹೇಗೆ?

ಹಾಳೆಯಲ್ಲಿರುವ ಒಂದು ಪ್ರಯೋಗ ಇದನ್ನು ಇನ್ನೂ ಚೆನ್ನಾಗಿ ಬಯಲು ಮಾಡುತ್ತದೆ. "ಕೋಶವನ್ನು ಉಪವಾಸ ಹಾಕಿ, ಹನಿಗಳು ಕರಗುವುದನ್ನು ನೋಡಿ" ಎನ್ನುತ್ತಾರೆ. ಮಾಡಿ ನೋಡಿ. ಇಲಿಯ ಭ್ರೂಣದಿಂದ ತೆಗೆದ ಫೈಬ್ರೊಬ್ಲಾಸ್ಟ್‌ಗಳನ್ನು ಅಮೈನೊ ಆಮ್ಲವಿಲ್ಲದ ಬರೀ ಉಪ್ಪಿನ ದ್ರಾವಣದಲ್ಲಿ ಇಟ್ಟರೆ ಹನಿಗಳು ಜಾಸ್ತಿಯಾಗುತ್ತವೆ! ಹಸಿದ ಕೋಶ ಆಟೊಫೇಜಿ (ತನ್ನನ್ನೇ ತಿನ್ನುವ ಕ್ರಿಯೆ) ಮೂಲಕ ತನ್ನದೇ ಪೊರೆಗಳನ್ನು ಒಡೆಯುತ್ತದೆ. ಅದರಿಂದ ಬಿಡುಗಡೆಯಾದ ಕೊಬ್ಬಿನ ಆಮ್ಲ ಬಿಡಿಯಾಗಿ ತಿರುಗಾಡಿದರೆ ಮೈಟೊಕಾಂಡ್ರಿಯಾಕ್ಕೆ ಪೆಟ್ಟು. ಹಾಗಾಗಿ ಡಿಜಿಎಟಿಯ ಒಂದು ಬಗೆಯಾದ ಡಿಜಿಎಟಿ1 ಅದನ್ನು ಹಿಡಿದು ಹನಿಗೆ ತುಂಬುತ್ತದೆ. ಬರೀ ಚಿತ್ರ ನೋಡುವವರು ಈ ಕೋಶ ತಿಂದು ತೇಗುತ್ತಿದೆ ಅಂದುಕೊಳ್ಳುತ್ತಾರೆ.

ಹೊಸದಾಗಿ ತಯಾರಿಸುವ ಕಡೆಗಂತೂ ಈ ಕಿಟ್ ಪೂರ್ತಿ ಕುರುಡು. ಕೋಶ ಸೈಟೊಸಾಲ್‌ನಲ್ಲಿ, ಅಂದರೆ ತನ್ನೊಳಗಿನ ದ್ರವದಲ್ಲಿ, ಅಸಿಟೈಲ್ ಕೋಎ ಎಂಬ ಎರಡು ಕಾರ್ಬನ್‌ನ ತುಣುಕನ್ನು ಮ್ಯಾಲೊನೈಲ್ ಕೋಎ ಮಾಡುತ್ತದೆ. ಒಂದು ಅಸಿಟೈಲ್‌ಗೆ ಏಳು ಮ್ಯಾಲೊನೈಲ್ ಸೇರಿ 16 ಕಾರ್ಬನ್‌ನ ಪಾಮಿಟೇಟ್ (ಮೇಲೆ ಹೇಳಿದ ಪಾಮಿಟಿಕ್ ಆಸಿಡೇ) ಆಗುತ್ತದೆ, ಅದಕ್ಕೆ 14 ಎನ್‌ಎಡಿಪಿಎಚ್ (ಹೈಡ್ರೋಜನ್ ಒದಗಿಸುವ ಅಣು) ಖರ್ಚು. ಸುಡುವುದು ಇನ್ನೊಂದು ಕೋಣೆಯಲ್ಲಿ, ಮೈಟೊಕಾಂಡ್ರಿಯಾದೊಳಗೆ. ಅಲ್ಲಿ ಅದೇ ಪಾಮಿಟೇಟ್ ಎರಡೆರಡು ಕಾರ್ಬನ್ ಕಳಚುತ್ತಾ, ಏಳು ಸುತ್ತಿನಲ್ಲಿ ಎಂಟು ಅಸಿಟೈಲ್ ಕೋಎ ಆಗುತ್ತದೆ. ಎರಡೆರಡಾಗಿ ಕಳಚುತ್ತದೆ ಅನ್ನುವುದನ್ನು ಫ್ರಾಂಜ್ ನೂಪ್ 1904ರಲ್ಲೇ ಹೇಳಿದ್ದರು. ಒಳಗೆ ಹೋಗುವ ಬಾಗಿಲಲ್ಲಿ ಇರುವುದು ಸಿಪಿಟಿ1 ಎಂಬ ಎಂಜೈಮ್. ಮ್ಯಾಲೊನೈಲ್ ಕೋಎ ಈ ಬಾಗಿಲನ್ನೇ ತಡೆಯುತ್ತದೆ. ತಯಾರಿಕೆ ಜೋರಾಗಿದ್ದಾಗ ಸುಡುವುದು ತಾನಾಗಿ ನಿಲ್ಲುತ್ತದೆ, ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಕೆಡವುವ ದಂಡದ ಕೆಲಸ ಆಗುವುದಿಲ್ಲ. ಕೋಶದ ಈ ಲೆಕ್ಕಾಚಾರ ಎಷ್ಟು ಸಲ ಓದಿದರೂ ನನಗೆ ಖುಷಿ. ಆದರೆ ಇದರಲ್ಲಿ ಒಂದು ಎಳೆಯೂ ಹಸಿರು ಚಿತ್ರದಲ್ಲಿ ಇಲ್ಲ. ತಯಾರಿಕೆ ಅಳೆಯಬೇಕಾದರೆ ಗುರುತು ಹಾಕಿದ ಅಸಿಟೇಟ್ ಬೇಕು. ಸುಡುವುದನ್ನು ನೋಡಬೇಕಾದರೆ ಕೋಶ ಎಷ್ಟು ಆಮ್ಲಜನಕ ಎಳೆಯುತ್ತದೆ ಅಂತ ಅಳೆದು, ಎಟೊಮಾಕ್ಸಿರ್ ಎಂಬ ಮದ್ದು ಹಾಕಿ ಸಿಪಿಟಿ1 ಮುಚ್ಚಿ ಹೋಲಿಸಬೇಕು. ಎಟೊಮಾಕ್ಸಿರ್ ಕೂಡ ಜಾಸ್ತಿ ಹಾಕಿದರೆ ಬೇರೆ ಕಡೆಯೂ ಕೈಯಾಡಿಸುತ್ತದೆ, ಹುಷಾರು.

ಇಷ್ಟೆಲ್ಲ ಬೈದ ಮೇಲೆ ಎರಡನೆಯ ಡಬ್ಬಿ. ನೋಡಲು ಏನೂ ಇಲ್ಲ. ಒಂದು ಪುಡಿ, ಎರಡು ಬಾಟಲಿ, ಸ್ಟ್ಯಾಂಡರ್ಡ್ ಗ್ಲಿಸರಾಲ್, ಪಕ್ಕದಲ್ಲಿ ಒಂದು ಪುಟ್ಟ ಟ್ಯೂಬ್ ಐಸೊಪ್ರೊಟೆರಿನಾಲ್ (ಕೊಬ್ಬು ಒಡೆಯುವಂತೆ ಕೋಶವನ್ನು ಎಬ್ಬಿಸುವ ಮದ್ದು). ಹೊಳೆಯುವ ಚಿತ್ರವಿಲ್ಲ, ಬಂದದ್ದು ಗುಲಾಬಿ ನೀರು ಮಾತ್ರ. ಆದರೆ ಜೋಡಿಯಲ್ಲಿ ಬುದ್ಧಿವಂತ ಡಬ್ಬಿ ಇದೇ.

ತರ್ಕ ಸರಳ. ಒಂದು ಟ್ರೈಗ್ಲಿಸರೈಡ್ ಪೂರ್ತಿ ಒಡೆದರೆ ಮೂರು ಕೊಬ್ಬಿನ ಆಮ್ಲ, ಒಂದು ಗ್ಲಿಸರಾಲ್. ಕೊಬ್ಬಿನ ಆಮ್ಲಗಳನ್ನು ನಂಬುವ ಹಾಗಿಲ್ಲ, ಅರ್ಧದಾರಿಯಲ್ಲಿ ಹಿಂದಿರುಗಿ ಮತ್ತೆ ಹನಿಯೊಳಗೆ ಸೇರಿಕೊಳ್ಳುತ್ತವೆ. ಗ್ಲಿಸರಾಲ್ ಹಾಗಲ್ಲ. ಅದನ್ನು ಮತ್ತೆ ಬಳಸಲು ಬೇಕಾದ ಗ್ಲಿಸರಾಲ್ ಕೈನೇಸ್ ಎಂಜೈಮ್ ಕೊಬ್ಬಿನ ಕೋಶದಲ್ಲಿ ತೀರಾ ಕಡಿಮೆ. ಹಾಗಾಗಿ ಒಡೆದ ಗ್ಲಿಸರಾಲ್ ಹೊರಗೆ, ಕೋಶ ಬೆಳೆಯುವ ದ್ರವವಾದ ಮೀಡಿಯಾಗೆ ಬರುತ್ತದೆ. ಮೀಡಿಯಾದಲ್ಲಿ ಎಷ್ಟಿದೆ ಅಂತ ಅಳೆದರೆ ಒಳಗೆ ಎಷ್ಟು ಒಡೆಯಿತು ಅಂತ ಗೊತ್ತು. ಕಿಟ್ ಮಾಡುವುದು ಇಷ್ಟೇ: ಅದೇ ಗ್ಲಿಸರಾಲ್ ಕೈನೇಸನ್ನು ಹೊರಗಿನಿಂದ ತಂದು ಗ್ಲಿಸರಾಲ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಇನ್ನೊಂದು ಎಂಜೈಮ್ ಅದನ್ನು ಆಕ್ಸಿಡೈಸ್ ಮಾಡಿ ಹೈಡ್ರೋಜನ್ ಪೆರಾಕ್ಸೈಡ್ ಕೊಡುತ್ತದೆ, ಪೆರಾಕ್ಸಿಡೇಸ್ ಅದರಿಂದ ಗುಲಾಬಿ ಬಣ್ಣ ಮಾಡುತ್ತದೆ. 540 ನ್ಯಾನೊಮೀಟರ್‌ನಲ್ಲಿ ಓದಿಕೊಂಡರೆ ಆಯಿತು.

ಐಸೊಪ್ರೊಟೆರಿನಾಲ್ ಹಾಕಿದ ಬಾವಿಗಳು (ಪ್ಲೇಟಿನ ಗುಳಿಗಳು) ಹಾಕದವುಗಳ ಪಕ್ಕದಲ್ಲೇ ಗಾಢ ಗುಲಾಬಿಯಾಗಿದ್ದವು. ಓದುವ ಯಂತ್ರಕ್ಕೆ ಇಡುವ ಮೊದಲೇ ಕಣ್ಣಿಗೆ ಗೊತ್ತಾಗುವಷ್ಟು. ಒಳಗೆ ಆಗಿದ್ದು ಏನೆಂದರೆ, ಈ ಮದ್ದು ಕೋಶದ ಮೇಲಿನ ಬೀಟಾ ರಿಸೆಪ್ಟರ್ ತಟ್ಟಿತು, ಒಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಏರಿತು, ಪಿಕೆಎ ಎಂಬ ಎಂಜೈಮ್ ಎದ್ದು ಹನಿಯ ಮೇಲಿನ ಪೆರಿಲಿಪಿನ್‌ಗೆ ಫಾಸ್ಫೇಟ್ ಅಂಟಿಸಿತು. ಪೆರಿಲಿಪಿನ್ ಬಿಗಿಹಿಡಿದಿದ್ದ ಸಿಜಿಐ-58 ಎಂಬ ಪ್ರೋಟೀನ್ ಕಳಚಿಕೊಂಡು ಎಟಿಜಿಎಲ್ ಎಂಜೈಮನ್ನು ಚುರುಕು ಮಾಡಿತು. ಎಟಿಜಿಎಲ್ ಮೊದಲ ಕೊಬ್ಬಿನ ಆಮ್ಲವನ್ನು, ಎಚ್‌ಎಸ್‌ಎಲ್ ಎಂಬ ಎಂಜೈಮ್ ಎರಡನೆಯದನ್ನು, ಎಂಜಿಎಲ್ ಎಂಬ ಇನ್ನೊಂದು ಮೂರನೆಯದನ್ನು ಕತ್ತರಿಸಿತು. ಬಹಳ ಕಾಲ ಎಚ್‌ಎಸ್‌ಎಲ್ಲೇ ಯಜಮಾನ ಅಂತ ಎಲ್ಲರೂ ನಂಬಿದ್ದರು. ಆದರೆ ಎಚ್‌ಎಸ್‌ಎಲ್ ಇಲ್ಲದ ಇಲಿಗಳಲ್ಲಿ ಟ್ರೈಗ್ಲಿಸರೈಡ್ ಒಡೆಯುವುದು ನಿಲ್ಲಲಿಲ್ಲ, ಒಂದು ಕೊಬ್ಬಿನ ಆಮ್ಲ ಕಳಚಿದ ಡೈಗ್ಲಿಸರೈಡ್ ಗುಡ್ಡೆಬಿತ್ತು. ಅಂದರೆ ಮೊದಲ ಕತ್ತರಿ ಬೇರೆ ಯಾರದೋ. ಆ ಕತ್ತರಿ, ಎಟಿಜಿಎಲ್, 2004ರಲ್ಲಿ ಸಿಕ್ಕಿತು.

ಈ ಡಬ್ಬಿಯ ಹಾಳೆ ಬರೆದವರು ಬೇರೆ ಮನುಷ್ಯರೇ ಇರಬೇಕು. ಮೀಡಿಯಾದಲ್ಲಿ ಫೀನಾಲ್ ರೆಡ್ ಇರಬಾರದು, ಅದರ ಬಣ್ಣ ಅಡ್ಡ ಬರುತ್ತದೆ ಅಂತ ಬರೆದಿದ್ದಾರೆ. ಕೊಬ್ಬುರಹಿತ ಅಲ್ಬುಮಿನ್ ಹಾಕಲೇಬೇಕು, ಇಲ್ಲದಿದ್ದರೆ ಹೊರಬಂದ ಕೊಬ್ಬಿನ ಆಮ್ಲಕ್ಕೆ ಹಿಡಿದುಕೊಳ್ಳುವವರು ಯಾರೂ ಇಲ್ಲದೆ ಅಲ್ಲೇ ತುಂಬಿಕೊಂಡು, ಒಡೆಯುವುದೇ ನಿಧಾನವಾಗುತ್ತದೆ ಅಂತಲೂ ಇದೆ. ಅವರು ಬಿಟ್ಟ ಒಂದನ್ನು ನಾನು ಸೇರಿಸುತ್ತೇನೆ. ಲ್ಯಾಬಿನಲ್ಲಿ ಗ್ಲಿಸರಾಲ್ ಎಲ್ಲೆಲ್ಲೂ ಇದೆ. ಫ್ರೀಜರಿನ ಎಂಜೈಮ್‌ಗಳು ಗ್ಲಿಸರಾಲ್‌ನಲ್ಲಿವೆ, ಪ್ರೋಟೀನ್ ಸಾಂದ್ರ ಮಾಡುವ ಫಿಲ್ಟರ್‌ಗಳ ಪೊರೆಗೆ ಗ್ಲಿಸರಾಲ್ ಸವರಿರುತ್ತಾರೆ, ಕೈಗೆ ಹಚ್ಚುವ ಕ್ರೀಮಿನಲ್ಲೂ ಇದೆ. ಖಾಲಿ ಬಾವಿ ಗುಲಾಬಿಯಾದರೆ ಕಿಟ್ ಮೇಲೆ ಕೂಗಾಡುವ ಮೊದಲು ಇವನ್ನು ನೋಡಿ.

ಅರ್ಧ ಸ್ಟಾರ್ ಯಾಕೆ ಕಿತ್ತುಕೊಂಡೆ? ಬ್ರೋಷರಿನ ಮುಖಪುಟದಲ್ಲಿ ಲಿವರ್ ಕೋಶದ ಚಿತ್ರ ಹಾಕಿದ್ದಾರೆ. ಲಿವರ್ ಕೋಶದಲ್ಲಿ ಗ್ಲಿಸರಾಲ್ ಕೈನೇಸ್ ಚೆನ್ನಾಗಿದೆ. ಒಡೆದ ಗ್ಲಿಸರಾಲನ್ನು ಅದು ಒಳಗೇ ಮತ್ತೆ ಬಳಸಿಕೊಳ್ಳುತ್ತದೆ. ಅಲ್ಲಿ ಮೀಡಿಯಾ ಅಳೆದು "ಕೊಬ್ಬು ಒಡೆಯುತ್ತಿಲ್ಲ" ಅಂದರೆ ತಪ್ಪು ಉತ್ತರ. ಜೊತೆಗೆ ಲಿವರ್ ಕೋಶ ಹನಿಗಳನ್ನು ಆಟೊಫೇಜಿ ಮೂಲಕ ಕೋಶದ ಜೀರ್ಣಚೀಲವಾದ ಲೈಸೊಸೋಮ್‌ಗೂ ಕಳಿಸುತ್ತದೆ. ಇದು ಬೆಳಕಿಗೆ ಬಂದಿದ್ದು 2009ರಲ್ಲಿ. ಅಲ್ಲಿ ಒಡೆಯುವ ಎಂಜೈಮೇ ಬೇರೆ, ಐಸೊಪ್ರೊಟೆರಿನಾಲ್ ದಾರಿಗೂ ಅದಕ್ಕೂ ಸಂಬಂಧ ಕಮ್ಮಿ. ಲಿವರ್ ಕೋಶದವರು ಈ ಡಬ್ಬಿ ಬಿಟ್ಟುಬಿಡಿ.

ಕೊಬ್ಬಿನ ಕೋಶದವರಿಗೆ ನನ್ನ ಸಲಹೆ ಇದು. ಜೋಡಿ ಕೊಳ್ಳಬೇಡಿ. ಗ್ಲಿಸರಾಲ್ ಡಬ್ಬಿಯನ್ನು ಕಣ್ಣುಮುಚ್ಚಿ ಕೊಳ್ಳಿ. ಬೋಡಿಪಿ ಪುಡಿಯನ್ನು ಬಿಡಿಯಾಗಿ ತರಿಸಿ ಡಿಎಂಎಸ್ಓ ದ್ರಾವಕದಲ್ಲಿ ಕರಗಿಸಿ, ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಹಂಚಿ ಫ್ರೀಜರಿಗೆ ಹಾಕಿ. ಪ್ಯಾರಾಫಾರ್ಮಾಲ್ಡಿಹೈಡ್, ಬಫರ್, ನೀಲಿ ಬಣ್ಣ ಯಾವ ಲ್ಯಾಬಿನಲ್ಲಿ ಇರುವುದಿಲ್ಲ ಹೇಳಿ? ಒಂದೇ ಪ್ಲೇಟಿನ ಮೀಡಿಯಾವನ್ನು ಮೊದಲು ಗ್ಲಿಸರಾಲ್‌ಗೆ ತೆಗೆದಿಟ್ಟು, ಉಳಿದ ಕೋಶಗಳಿಗೆ ಬಣ್ಣ ಹಾಕಿದರೆ ಎರಡೂ ಉತ್ತರ ಒಂದೇ ಕೋಶಗಳಿಂದ ಸಿಗುತ್ತವೆ. ಬಣ್ಣದ ಟ್ಯೂಬಿಗೆ ಫಾಯಿಲ್ ಸುತ್ತುವುದು ಮರೆಯಬೇಡಿ. ಬೆಳಕಿಗೆ ಹಾಳಾಗುವ ಬಣ್ಣವನ್ನು ಇವರು ಕಳಿಸಿದ್ದು ಪಾರದರ್ಶಕ ಬಾಟಲಿಯಲ್ಲಿ.